ಮೂರನೇ ದಿನ ಮತ್ತೆ ನಿಂತುಬಿಡುತ್ತಿದ್ದ ಟ್ರಕ್: ಒಂದು ಹಳೇ ಡೀಸೆಲ್ ಎಂಜಿನ್‌ನ ಪ್ರಕರಣ ಅಧ್ಯಯನ

ಹಳೇ ಟ್ರಕ್ಕು. ಆರು ಸಿಲಿಂಡರ್, ಟರ್ಬೊ, ಇನ್‌ಲೈನ್ ಪಂಪಿನ ಡೀಸೆಲ್ ಎಂಜಿನ್, ವಯಸ್ಸು ಇಪ್ಪತ್ತು ವರ್ಷ ದಾಟಿದೆ. ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಹಾಕಿ ಕೋಡ್ ಓದುವ ಮಾತೇ ಇಲ್ಲ. ಓಡುತ್ತಾ ಓಡುತ್ತಾ ಆಫ್ ಆಗಿಬಿಡುತ್ತದೆ, ದಿನಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ. ನನ್ನ ಹತ್ತಿರ ಬರುವ ಹೊತ್ತಿಗೆ ಮಾಲೀಕರು ಆಗಲೇ ಎರಡು ಸಲ ಡೀಸೆಲ್ ಫಿಲ್ಟರ್ ಬದಲಾಯಿಸಿದ್ದರು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಹೊಸದು ಹಾಕಿಸಿದ್ದರು, ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಆರೂ ನಾಝಲ್ ಬಿಚ್ಚಿಸಿ ಟೆಸ್ಟ್ ಮಾಡಿಸಿದ್ದರು, ಕೊನೆಗೆ ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಮೇನ್ ಪಂಪನ್ನೇ (ಇನ್‌ಲೈನ್ ಪಂಪ್ ಅಂದರೆ ಇದೇ) ಇಳಿಸಿ ಕ್ಯಾಲಿಬ್ರೇಶನ್ ಮಾಡಿಸಿದ್ದರು. ಪ್ರತಿ ಸಲವೂ ಗಾಡಿ ಎರಡು ದಿನ ಚೆನ್ನಾಗಿ ಓಡಿತ್ತು. ಮೂರನೇ ದಿನ ಮತ್ತೆ ಅದೇ ಕಥೆ.

ಆ "ಎರಡು ದಿನ ಚೆನ್ನಾಗಿತ್ತು" ಅನ್ನುವ ಮಾತಿನಲ್ಲೇ ಉತ್ತರ ಇತ್ತು. ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಹೋಗುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಇಂಥ ಎಂಜಿನ್ ಇಟ್ಟುಕೊಂಡು ಒದ್ದಾಡುತ್ತಿರುವವರಿಗೆ ಆ ಹತ್ತು ದಿನ ಉಳಿಯಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಗಾಡಿ ಬಂದ ದಿನ

ಮಾಲೀಕರೇ ಡ್ರೈವರ್. ನನಗಿಂತ ಹಿರಿಯರು, ನಾನು ಅಣ್ಣ ಅಂತಲೇ ಕರೆಯುವುದು. "ತಮ್ಮಾ, ಕ್ಲಚ್ ಒತ್ತಿದ್ರೆ ಸಾಕು ಆಫ್ ಆಗುತ್ತೆ. ಒಂದೊಂದ್ಸಲ ಕ್ಲಚ್ ಒತ್ತದೇ ಇದ್ರೂ ಆಫ್ ಆಗುತ್ತೆ. ಏನಂತ ಹೇಳೋದು" ಅಂದರು. ನಾನು ಬರೆದುಕೊಂಡಿದ್ದು ಒಂದೇ ಮಾತು: ಆಫ್ ಆಗುತ್ತದೆ. ಅಲ್ಲೇ ನಾನು ತಪ್ಪಿದ್ದು. ಆ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಕಾಯಿಲೆ ಸೇರಿಕೊಂಡಿದ್ದವು.

ಹಳೇ ಕಾಲದ ಡೀಸೆಲ್ ಎಂಜಿನ್ ಯಾಕೆ ನಿಲ್ಲುತ್ತದೆ ಅನ್ನುವುದನ್ನು ಮೊದಲು ನೋಡೋಣ. ಇದಕ್ಕೆ ಸ್ಪಾರ್ಕ್ ಬೇಕಿಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ಒಮ್ಮೆ ಸ್ಟಾರ್ಟ್ ಆದಮೇಲೆ ಗಾಳಿ ಮತ್ತು ಡೀಸೆಲ್ ಸಿಗುತ್ತಿರುವವರೆಗೆ ಅದು ಓಡುತ್ತಲೇ ಇರುತ್ತದೆ. ನಾವು ಆಫ್ ಮಾಡಬೇಕಾದರೂ ಡೀಸೆಲ್ ನಿಲ್ಲಿಸಿಯೇ ಆಫ್ ಮಾಡುವುದು. ಹಾಗಾದರೆ ನಾವು ಹೇಳದೆ ಅದು ಆಫ್ ಆಗುತ್ತಿದೆ ಅಂದರೆ, ಎಲ್ಲೋ ಒಂದು ಕಡೆ ಡೀಸೆಲ್ ತಪ್ಪುತ್ತಿದೆ ಅಂತಲೇ ಹೆಚ್ಚಿನ ಸಲ ಅರ್ಥ.

ಗಾಳಿಯ ಕಡೆ ತೊಂದರೆ ಇದ್ದರೆ ಕಪ್ಪು ಹೊಗೆ ಬರುತ್ತದೆ, ಪಿಕಪ್ ಹೋಗುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಏರ್ ಫಿಲ್ಟರ್ ತೆಗೆದು ನೋಡಿದೆ, ಚೆನ್ನಾಗಿತ್ತು. ಕಂಪ್ರೆಷನ್ ಬಗ್ಗೆ ಅನುಮಾನವೇ ಬರಲಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಅರ್ಧ ಸುತ್ತಿಗೇ ಹತ್ತಿಕೊಳ್ಳುತ್ತಿತ್ತು, ಆಯಿಲ್ ಮುಚ್ಚಳ ತೆಗೆದರೆ ಹೊಗೆ ನುಗ್ಗುತ್ತಿರಲಿಲ್ಲ. ಟೆಂಪರೇಚರ್ ಸರಿ ಇತ್ತು. ಉಳಿದದ್ದು ಡೀಸೆಲ್ ದಾರಿ ಒಂದೇ.

ಆ ದಾರಿ ಹೀಗಿದೆ. ಟ್ಯಾಂಕಿನೊಳಗೆ ಮೇಲಿನಿಂದ ಇಳಿಬಿಟ್ಟ ಒಂದು ಸಕ್ಷನ್ ಪೈಪ್, ತುದಿಯಲ್ಲಿ ಜಾಲರಿ. ಅಲ್ಲಿಂದ ನೀರು ಬೇರೆ ಮಾಡುವ ಮೊದಲ ಫಿಲ್ಟರ್, ಆಮೇಲೆ ಫೀಡ್ ಪಂಪ್. ಇಷ್ಟರವರೆಗೆ ಡೀಸೆಲ್ಲನ್ನು ಎಳೆಯುವುದು. ಫೀಡ್ ಪಂಪ್ ದಾಟಿದ ಮೇಲೆ ತಳ್ಳುವುದು: ಮುಖ್ಯ ಫಿಲ್ಟರ್ ಮೂಲಕ ಮೇನ್ ಪಂಪಿಗೆ ಹೋಗುತ್ತದೆ, ಅಲ್ಲಿಂದ ಜಾಸ್ತಿಯಾದದ್ದು ಓವರ್‌ಫ್ಲೋ ವಾಲ್ವ್ ಮೂಲಕ ವಾಪಸ್ ಟ್ಯಾಂಕಿಗೆ ಬರುತ್ತದೆ. ಎಳೆಯುವ ಕಡೆ ಮತ್ತು ತಳ್ಳುವ ಕಡೆ ಅನ್ನುವ ಈ ವ್ಯತ್ಯಾಸ ತುಂಬಾ ಮುಖ್ಯ. ತಳ್ಳುವ ಕಡೆ ತೂತಾದರೆ ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ತೂತಾದರೆ ಏನೂ ಸೋರುವುದಿಲ್ಲ, ಬದಲಿಗೆ ಗಾಳಿ ಒಳಗೆ ಹೋಗುತ್ತದೆ. ಪೈಪ್ ಒಣಗಿ ಕ್ಲೀನಾಗಿ ಕಾಣುತ್ತಿದೆ ಅಂತ ಅದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ.

ನಾನೂ ಮಾಡಿದ ರಿಪೇರಿ

ಬಂದ ದಿನ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ತಳ್ಳುವ ಸಣ್ಣ ಪಂಪ್) ಹೊಡೆದು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಸೇರಿದ ಗಾಳಿ ಹೊರಬಿಡುವ ಸ್ಕ್ರೂ) ಸಡಿಲ ಮಾಡಿದಾಗ ನೊರೆ ನೊರೆಯಾಗಿ ಡೀಸೆಲ್ ಬಂತು. ಏರ್ ಹಿಡಿದಿದೆ, ಅಂದರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿದೆ ಅಂತ ಖಾತ್ರಿಯಾಯಿತು. ಟ್ಯಾಂಕಿನಿಂದ ಫೀಡ್ ಪಂಪ್ ತನಕ ಇದ್ದ ರಬ್ಬರ್ ಹೋಸುಗಳು ಗಾಡಿಯಷ್ಟೇ ಹಳೆಯವು. ಮಡಚಿದರೆ ಬಿರುಕು ಬಿಡುತ್ತಿದ್ದವು. ಒಂದನ್ನು ಉದ್ದಕ್ಕೆ ಸೀಳಿ ನೋಡಿದೆ. ಒಳಗಿನ ಪದರ ಒಂದು ಕಡೆ ಕಿತ್ತು ನಾಲಿಗೆಯ ಹಾಗೆ ನಿಂತಿತ್ತು. ಹಳೇ ಹೋಸುಗಳಲ್ಲಿ ಇದು ಆಗಾಗ ಕಾಣುವ ತೊಂದರೆ, ಹೊರಗಿಂದ ಗೊತ್ತೇ ಆಗುವುದಿಲ್ಲ. ಎಂಜಿನ್ ಜೋರಾಗಿ ಎಳೆದಾಗ ಆ ನಾಲಿಗೆ ದಾರಿಯನ್ನೇ ಮುಚ್ಚಬಹುದು, ನಿಂತಮೇಲೆ ಮತ್ತೆ ತೆರೆದುಕೊಳ್ಳಬಹುದು.

ಸಿಕ್ಕಿತು ಅಂದುಕೊಂಡೆ. ಎಲ್ಲಾ ಹೋಸ್ ಬದಲಾಯಿಸಿದೆ, ಹೊಸ ಕ್ಲಿಪ್ ಹಾಕಿದೆ, ಬ್ಯಾಂಜೋ ಬೋಲ್ಟುಗಳ (ಡೀಸೆಲ್ ಪೈಪ್ ಜೋಡಿಸುವ ಟೊಳ್ಳು ಬೋಲ್ಟು) ತಾಮ್ರದ ವಾಷರುಗಳನ್ನೂ ಹೊಸದು ಹಾಕಿದೆ. (ಒಮ್ಮೆ ಬಿಗಿದು ಚಪ್ಪಟೆಯಾದ ವಾಷರನ್ನು ಹಾಗೇ ಮತ್ತೆ ಹಾಕಬೇಡಿ. ಗಾಳಿಗೆ ಅಷ್ಟೇ ಸಂದು ಸಾಕು.) ಏರ್ ತೆಗೆದು, "ಅಣ್ಣ, ಟ್ಯಾಂಕ್ ಫುಲ್ ಮಾಡಿಸಿಕೊಂಡು ಒಂದು ದೂರದ ಟ್ರಿಪ್ ಹೊಡೆದು ನೋಡಿ" ಅಂತ ಕಳಿಸಿದೆ.

ಎರಡು ದಿನ ಫೋನ್ ಬರಲಿಲ್ಲ. ಮೂರನೇ ದಿನ ಬಂತು.

ಆ ಹೋಸುಗಳನ್ನು ಬದಲಾಯಿಸಿದ್ದು ದಂಡವಲ್ಲ, ಅವು ಹೇಗೂ ಹೋಗಬೇಕಿತ್ತು. ಆದರೆ ಕೆಟ್ಟ ಭಾಗ ಸಿಕ್ಕಿದ್ದಕ್ಕೇ ತೊಂದರೆಯ ಕಾರಣವೂ ಸಿಕ್ಕಿತು ಅಂತ ನಂಬಿಬಿಟ್ಟೆ. ಇಪ್ಪತ್ತು ವರ್ಷದ ಗಾಡಿಯಲ್ಲಿ ಎಲ್ಲಿ ಕೈ ಹಾಕಿದರೂ ಒಂದು ಕೆಟ್ಟ ಭಾಗ ಸಿಗುತ್ತದೆ.

ಪುಸ್ತಕ ಮತ್ತು ಕೋಲು

ಈ ಸಲ ಸ್ಪ್ಯಾನರ್ ಮುಟ್ಟಲಿಲ್ಲ. ಅಣ್ಣನ ಕೈಗೆ ಒಂದು ಸಣ್ಣ ಪುಸ್ತಕ ಕೊಟ್ಟೆ. ಒಂದು ವಾರ ಲೋಡ್ ಕಮ್ಮಿ ಹಾಕಿ ಓಡಿಸಿ, ಆಫ್ ಆದಾಗಲೆಲ್ಲ ಪಕ್ಕಕ್ಕೆ ನಿಲ್ಲಿಸಿ ಬರೆಯಿರಿ ಅಂದೆ. ಎಷ್ಟು ಹೊತ್ತಿಗೆ, ಏರಿನಲ್ಲೋ ಸಮತಟ್ಟಿನಲ್ಲೋ, ಗೇರಿನಲ್ಲಿತ್ತಾ ನ್ಯೂಟ್ರಲಾ, ಹೇಗೆ ಆಫ್ ಆಯಿತು, ಮತ್ತೆ ಹೇಗೆ ಸ್ಟಾರ್ಟ್ ಆಯಿತು, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು.

ಕೊನೆಯದನ್ನು ಸುಮ್ನೆ ಸೇರಿಸಿದ್ದೆ. ಆ ಗಾಡಿಯ ಡೀಸೆಲ್ ಮೀಟರ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಅಣ್ಣ ಒಂದು ಕೋಲಿಗೆ ಗೆರೆ ಹಾಕಿಟ್ಟುಕೊಂಡು ಅದನ್ನೇ ಟ್ಯಾಂಕಿಗೆ ಇಳಿಸಿ ನೋಡುತ್ತಿದ್ದರು. ಹಾಗಾಗಿ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದರು. ಮೀಟರ್ ಸರಿ ಇದ್ದಿದ್ದರೆ "ಕಾಲು ಭಾಗ, ಅರ್ಧ" ಅಂತ ಬರೆಯುತ್ತಿದ್ದರೇನೋ, ಆಗ ನನಗೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಗಾಡಿ ಆಫ್ ಆಗಿ ನಿಲ್ಲುವುದು ಅಪಾಯ ಅನ್ನುವುದನ್ನು ಇಲ್ಲೇ ಹೇಳಬೇಕು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಿನ ಹಾಗಾಗುತ್ತದೆ. ಏರ್ ಬ್ರೇಕಿನ ಕಂಪ್ರೆಸರ್ ಕೂಡ ನಿಲ್ಲುತ್ತದೆ, ಆಮೇಲೆ ಏರ್ ಟ್ಯಾಂಕಿನಲ್ಲಿ ಉಳಿದಿರುವ ಗಾಳಿ ಎಷ್ಟೋ ಅಷ್ಟೇ ಬ್ರೇಕು. ಇಳಿಜಾರಿನ ದಾರಿ ಬೇಡ, ಗೇಜಿನ ಮೇಲೆ ಕಣ್ಣಿರಲಿ, ಬ್ರೇಕನ್ನು ಪದೇ ಪದೇ ಒತ್ತಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದೆ. ಪೂರ್ತಿ ಲೋಡ್ ಇರುವ ಗಾಡಿಯಲ್ಲಿ ಈ ಪರೀಕ್ಷೆ ಮಾಡಿಸುತ್ತಿರಲಿಲ್ಲ.

ಏಳು ದಿನದಲ್ಲಿ ಹದಿನಾಲ್ಕು ಸಲ ಆಫ್ ಆಗಿತ್ತು. ಪುಸ್ತಕ ಓದುತ್ತಾ ಹೋದಹಾಗೆ ಎರಡು ಗುಂಪು ತಾನಾಗೇ ಬೇರೆಯಾದವು.

ಒಂಬತ್ತು ಸಲ ಎಂಜಿನ್ ಒದ್ದಾಡಿ ನಿಂತಿತ್ತು. ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದಾಗ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಾಗಿನ ಓಟ) ಏರುಪೇರಾಗಿ, ಸ್ವಲ್ಪ ಬಿಳಿ ಹೊಗೆ ಬಿಟ್ಟು, ನಡುಗಿ, ಆಮೇಲೆ ಆಫ್. ಮತ್ತೆ ಸ್ಟಾರ್ಟ್ ಮಾಡಲು ಪ್ರೈಮರ್ ಹೊಡೆಯಲೇಬೇಕು. ಇನ್ನು ಐದು ಸಲ ಅಣ್ಣ ಬರೆದಿದ್ದು ಒಂದೇ ವಾಕ್ಯ: "ಕೀ ತಿರುಗಿಸಿದ ಹಾಗೆ ಆಫ್." ಹೊಗೆ ಇಲ್ಲ, ನಡುಕ ಇಲ್ಲ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ತಕ್ಷಣ ಸ್ಟಾರ್ಟ್, ಪ್ರೈಮರ್ ಬೇಕೇ ಇಲ್ಲ.

ಆಮೇಲೆ ಕೋಲಿನ ಅಳತೆ ನೋಡಿದೆ. ಥಟ್ಟನೆ ನಿಂತ ಐದು ಸಲದ ಅಳತೆ 51, 38, 20, 12, 9. ಯಾವ ಲೆಕ್ಕವೂ ಇಲ್ಲ. ಒದ್ದಾಡಿ ನಿಂತ ಒಂಬತ್ತರಲ್ಲಿ ಎಂಟು ಸಲ 24 ಸೆಂಟಿಮೀಟರಿಗಿಂತ ಕಮ್ಮಿ. ಒಂದು ಮಾತ್ರ 29. ಅದರ ಪಕ್ಕದಲ್ಲಿ "ದೊಡ್ಡ ಏರು" ಅಂತ ಬರೆದಿತ್ತು. ಆ ಗಾಡಿಯ ಟ್ಯಾಂಕ್ ಚಾಸಿಸ್ ಪಕ್ಕದಲ್ಲಿ ಉದ್ದಕ್ಕೆ ಕೂತಿದೆ, ಸಕ್ಷನ್ ಪೈಪ್ ಮುಂದಿನ ತುದಿಯಲ್ಲಿದೆ. ಏರು ಹತ್ತುವಾಗ ಡೀಸೆಲ್ ಹಿಂದಕ್ಕೆ ಸರಿಯುತ್ತದೆ, ಮುಂದೆ ಮಟ್ಟ ಇಳಿಯುತ್ತದೆ. ಹಾಗೆ ನೋಡಿದರೆ ಅದೂ ಈ ಗುಂಪಿನದೇ.

ವಾರದ ಮಧ್ಯೆ ಒಂದು ದಿನ ಅಣ್ಣ ದೂರದ ಟ್ರಿಪ್ ಅಂತ ಟ್ಯಾಂಕ್ ಫುಲ್ ಮಾಡಿಸಿದ್ದರು. ಆಮೇಲೆ ಎರಡು ದಿನ ಒದ್ದಾಟ ಒಂದೂ ಇಲ್ಲ!

ಆಗ ಕೂತು ಲೆಕ್ಕ ಹಾಕಿದೆ. ಟ್ಯಾಂಕ್ 200 ಲೀಟರಿನದು, ಒಳಗಿನ ಎತ್ತರ 55 ಸೆಂಟಿಮೀಟರ್. 24 ಸೆಂಟಿಮೀಟರ್ ಅಂದರೆ ಸುಮಾರು 87 ಲೀಟರ್. ಫುಲ್‌ನಿಂದ ಅಲ್ಲಿಗೆ ಇಳಿಯಲು 113 ಲೀಟರ್ ಖರ್ಚಾಗಬೇಕು. ಲೀಟರಿಗೆ 4 ಕಿಲೋಮೀಟರ್ ಅಂದುಕೊಂಡರೆ 450 ಕಿಲೋಮೀಟರ್. ಅಣ್ಣ ದಿನಕ್ಕೆ ಓಡಿಸುವುದು 220ರ ಆಸುಪಾಸು. ಎರಡು ದಿನ!

ಪ್ರತಿ ರಿಪೇರಿ ಆದಮೇಲೂ ಏರ್ ತೆಗೆಯಲು ಸುಲಭವಾಗಲಿ, ಟ್ರಯಲ್ ನೋಡೋಣ ಅಂತ ಯಾರಾದರೂ ಟ್ಯಾಂಕ್ ತುಂಬಿಸಿದ್ದಾರೆ. ನಾನೂ ಅದನ್ನೇ ಮಾಡಿದ್ದೆ. ಉಳಿದ ದಿನಗಳಲ್ಲಿ ಅಣ್ಣ ಹಾಕಿಸುತ್ತಿದ್ದದ್ದು ಐವತ್ತು ಅರವತ್ತು ಲೀಟರ್, ಹಾಗಾಗಿ ಮಟ್ಟ ಯಾವಾಗಲೂ ಅರ್ಧಕ್ಕಿಂತ ಕೆಳಗೆ. ಫಿಲ್ಟರ್, ಫೀಡ್ ಪಂಪ್, ನಾಝಲ್, ಕ್ಯಾಲಿಬ್ರೇಶನ್, ನನ್ನ ಹೋಸು, ಇವುಗಳಲ್ಲಿ ಯಾವುದೂ ಗಾಡಿಯನ್ನು ಆ ಎರಡು ದಿನ ಓಡಿಸಿರಲಿಲ್ಲ. ಓಡಿಸಿದ್ದು ತುಂಬಿದ ಟ್ಯಾಂಕ್.

ಬೇರೆ ಎಂಜಿನ್ನುಗಳಲ್ಲೂ ಇದನ್ನು ಒಮ್ಮೆ ನೋಡಿ. ರಿಪೇರಿ ಮಾಡುವಾಗ ಆ ರಿಪೇರಿಯ ಜೊತೆಗೆ ಇನ್ನೇನು ಬದಲಾಯಿತು? ಟ್ಯಾಂಕ್ ತುಂಬಿತಾ, ಬ್ಯಾಟರಿ ಚಾರ್ಜ್ ಆಯಿತಾ, ಒಂದು ಕನೆಕ್ಟರ್ ಬಿಚ್ಚಿ ಹಾಕಿದ್ದರಿಂದ ಅದರ ಪಿನ್ ಉಜ್ಜಿ ಕ್ಲೀನಾಯಿತಾ? ಗುಣವಾದದ್ದು ಅದರಿಂದಲೂ ಇರಬಹುದು ಅಲ್ವಾ?

ಗಾಳಿ ಎಲ್ಲಿಂದ ಬರುತ್ತಿದೆ

ಲೆಕ್ಕ ಚೆನ್ನಾಗಿ ಕೂತಿತು. ಆದರೂ ಕಣ್ಣಾರೆ ನೋಡದೆ ಟ್ಯಾಂಕ್ ಬಿಚ್ಚುವುದು ಬೇಡ ಅನ್ನಿಸಿತು. ಈ ಸಲ ಮಟ್ಟ 15 ಸೆಂಟಿಮೀಟರ್ ಇರುವಾಗಲೇ ಪರೀಕ್ಷೆ ಶುರು ಮಾಡಿದೆ.

ಮೊದಲು ಫೀಡ್ ಪಂಪಿನ ಬಾಯಿಗೆ ಸ್ವಲ್ಪ ಮುಂಚೆ, ಒಂದಡಿ ಉದ್ದದ ಪಾರದರ್ಶಕ ಹೋಸ್ ಹಾಕಿದೆ. ಡೀಸೆಲ್ಲಿಗೆ ತಡೆಯುವಂಥದ್ದೇ ಇರಬೇಕು, ನೀರಿನ ಪೈಪ್ ಆದರೆ ಬೇಗ ಮೆತ್ತಗಾಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ 1500 ಆರ್‌ಪಿಎಂನಲ್ಲಿ ಹಿಡಿದರೆ ಗುಳ್ಳೆಗಳ ಸಾಲು ಕಾಣಿಸಿತು. ಆಮೇಲೆ ಅದೇ ಹೋಸನ್ನು ಮೊದಲ ಫಿಲ್ಟರಿನ ಹಿಂದಕ್ಕೆ, ಟ್ಯಾಂಕಿನಿಂದ ಪೈಪ್ ಹೊರಬರುವ ಜಾಗಕ್ಕೇ ಸರಿಸಿದೆ. ಅಲ್ಲೂ ಗುಳ್ಳೆ. ಅಂದರೆ ಗಾಳಿ ಟ್ಯಾಂಕಿನಿಂದಲೇ ಬರುತ್ತಿದೆ. ಒಂದು ಹೋಸನ್ನು ಹಿಂದಕ್ಕೆ ಹಿಂದಕ್ಕೆ ಸರಿಸುತ್ತಾ ಹೋದರೆ ಸಾಕು, ಗುಳ್ಳೆ ಎಲ್ಲಿ ಕಾಣಿಸುವುದಿಲ್ಲವೋ ಅದಕ್ಕೂ ಅದರ ಮುಂದಿನ ಜಾಗಕ್ಕೂ ನಡುವೆ ತೂತು ಇರುತ್ತದೆ.

ಇನ್ನೊಂದು ಪರೀಕ್ಷೆ ಕ್ಯಾನಿನದು. ಶುದ್ಧ ಡೀಸೆಲ್ ತುಂಬಿದ ಒಂದು ಕ್ಯಾನ್ ಎಂಜಿನ್ ಪಕ್ಕದಲ್ಲಿ ಗಟ್ಟಿಯಾಗಿ ಇಟ್ಟು, ಫೀಡ್ ಪಂಪಿಗೆ ಅದರಿಂದಲೇ ಹೋಸ್ ಕೊಟ್ಟೆ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ಇಲ್ಲದಿದ್ದರೆ ಉರಿಯುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ ಡೀಸೆಲ್ ರಿಟರ್ನಿನಲ್ಲಿ ಟ್ಯಾಂಕಿಗೆ ಹೋಗಿ ಕ್ಯಾನ್ ಬೇಗ ಖಾಲಿಯಾಗಿಬಿಡುತ್ತದೆ, ಮತ್ತೆ ಏರ್ ಹಿಡಿಯುತ್ತದೆ, ನಾವು ಪಂಪನ್ನು ಬೈಯುತ್ತೇವೆ. ಕ್ಯಾನಿನ ಮೇಲೆ ಒಂದು ಗಂಟೆ ಓಡಿಸಿದೆ. ಆಕ್ಸಿಲರೇಟರ್ ಏರಿಸಿ ಥಟ್ಟನೆ ಬಿಟ್ಟೆ, ಇಪ್ಪತ್ತು ಸಲವಾದರೂ. ಒಮ್ಮೆಯೂ ಒದ್ದಾಡಲಿಲ್ಲ. ಮೇನ್ ಪಂಪ್, ಫೀಡ್ ಪಂಪ್, ನಾಝಲ್ ಎಲ್ಲವೂ ಚೆನ್ನಾಗಿವೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಪಂಪ್ ಇಳಿಸುವ ಮೊದಲು ಯಾರಾದರೂ ಈ ಒಂದು ಗಂಟೆ ಕೊಟ್ಟಿದ್ದರೆ ಅದನ್ನು ಇಳಿಸುವ ಅಗತ್ಯವೇ ಬರುತ್ತಿರಲಿಲ್ಲ. ಅದು ನನಗೆ ಈಗಲೂ ಬೇಜಾರಿನ ವಿಷಯ.

ವ್ಯಾಕ್ಯೂಮ್ ಗೇಜ್ ಕೂಡ ಹಾಕಿದ್ದೆ. ಈ ಗಾತ್ರದ ಎಂಜಿನ್ನುಗಳಲ್ಲಿ ಫೀಡ್ ಪಂಪಿನ ಬಾಯಿಯಲ್ಲಿ 100 ಮಿಲಿಮೀಟರ್ ಪಾದರಸ ದಾಟಿದರೆ ಎಲ್ಲೋ ಕಟ್ಟಿಕೊಂಡಿದೆ ಅಂತ ನಾನು ತೆಗೆದುಕೊಳ್ಳುತ್ತೇನೆ. ಇದರಲ್ಲಿ 60 ತೋರಿಸಿತು. ಜಾಲರಿ, ಫಿಲ್ಟರ್ ಕಟ್ಟಿದ ಲಕ್ಷಣ ಕಾಣಲಿಲ್ಲ. ಆದರೆ ಗೇಜ್ ಕಮ್ಮಿ ತೋರಿಸಿದ ಮಾತ್ರಕ್ಕೆ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. ದಾರಿ ಕಟ್ಟಿದರೆ ವ್ಯಾಕ್ಯೂಮ್ ಏರುತ್ತದೆ, ಗಾಳಿ ಸೇರುತ್ತಿದ್ದರೆ ಅದು ಇಳಿಯುತ್ತದೆ. ಎರಡೂ ಒಟ್ಟಿಗೆ ಇದ್ದರೆ ಗೇಜ್ ನೋಡಲು ಚೆನ್ನಾಗಿಯೇ ಇರುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತನ್ನೂ ನೋಡಿದೆ, ತೆರೆದಿತ್ತು. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೇ ವ್ಯಾಕ್ಯೂಮ್ ಆಗಿ ಎಂಜಿನ್ ನಿಧಾನವಾಗಿ ಸೊರಗುತ್ತದೆ, ಮುಚ್ಚಳ ತೆಗೆದ ಕೂಡಲೇ ಸುಯ್ ಅಂತ ಗಾಳಿ ಒಳಗೆ ಹೋಗುವ ಸದ್ದು ಕೇಳುತ್ತದೆ.

ಈಗ ಟ್ಯಾಂಕ್. ಮೇಲಿನ ಪ್ಲೇಟಿನ ಸ್ಕ್ರೂ ಬಿಚ್ಚಿ ಸಕ್ಷನ್ ಪೈಪ್ ಎತ್ತಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಕೆಳಗಿನ ತುದಿಯನ್ನು ಮುಚ್ಚಿ, ಪೈಪನ್ನು ಡೀಸೆಲ್ ತುಂಬಿದ ಟ್ರೇಯಲ್ಲಿ ಮುಳುಗಿಸಿ, ಮೇಲಿನ ತುದಿಯಿಂದ ತುಂಬಾ ಮೆಲ್ಲಗೆ ಗಾಳಿ ಬಿಟ್ಟೆ, ಅರ್ಧ ಬಾರ್ ಕೂಡ ಇರಲಿಲ್ಲ. ಪೈಪನ್ನು ಅಲುಗಾಡದಂತೆ ಹಿಡಿಯುವ ಒಂದು ಸಣ್ಣ ಪಟ್ಟಿಯನ್ನು ಅದಕ್ಕೆ ವೆಲ್ಡ್ ಮಾಡಿರುತ್ತಾರೆ. ಆ ವೆಲ್ಡಿನ ಅಂಚಿನಲ್ಲಿ ಅರ್ಧ ಸುತ್ತು ಗುಳ್ಳೆ ಎದ್ದವು. ಕೂದಲಿನಷ್ಟು ಸಣ್ಣ ಬಿರುಕು. ಇಪ್ಪತ್ತು ವರ್ಷದ ನಡುಕಕ್ಕೆ ವೆಲ್ಡ್ ಪಕ್ಕದ ತಗಡು ದಣಿದು ಸೀಳಿದೆ. ಪೈಪಿನ ಕೆಳತುದಿಯಿಂದ ಬಿರುಕಿಗೆ 21 ಸೆಂಟಿಮೀಟರ್. ಪೈಪಿನ ತುದಿ ಟ್ಯಾಂಕಿನ ತಳಕ್ಕಿಂತ 3 ಸೆಂಟಿಮೀಟರ್ ಮೇಲಿರುತ್ತದೆ. ಕೂಡಿದರೆ 24.

ಆ ಕ್ಷಣ ಅಣ್ಣ ಪಕ್ಕದಲ್ಲೇ ಇದ್ದರು. ಅವರ ಕೋಲನ್ನು ಪೈಪಿನ ಪಕ್ಕದಲ್ಲಿ ಹಿಡಿದು ತೋರಿಸಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ ಅವರು.

ಒಂದು ಪ್ರಶ್ನೆ ಉಳಿದಿತ್ತು. ಗಾಳಿ ಓಡುವಾಗಲೂ ಸೇರುತ್ತಿದೆ, ಹಾಗಾದರೆ ಕ್ಲಚ್ ಒತ್ತಿದಾಗಲೇ ಯಾಕೆ ಆಫ್ ಆಗುತ್ತದೆ? ಇನ್‌ಲೈನ್ ಪಂಪುಗಳನ್ನು ಬಾಷ್ ಕಂಪನಿ 1927ರಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ಶುರು ಮಾಡಿತು, ಕೆಲಸ ಮಾಡುವ ರೀತಿ ಆಮೇಲಿನ ಪಂಪುಗಳಲ್ಲೂ ಅದೇ: ಸಿಲಿಂಡರಿಗೊಂದು ಪ್ಲಂಜರ್, ಅದು ಡೀಸೆಲ್ಲನ್ನು ಒತ್ತಿ ನಾಝಲ್ ತೆರೆಸುತ್ತದೆ. ಇಂಥ ಎಂಜಿನ್ನುಗಳಲ್ಲಿ ನಾಝಲ್ ತೆರೆಯಲು 200 ಬಾರ್ ಆಸುಪಾಸು ಒತ್ತಡ ಬೇಕು. ಡೀಸೆಲ್ ಒತ್ತಿದರೆ ಕುಗ್ಗುವುದು ತುಂಬಾ ಕಮ್ಮಿ, ಹಾಗಾಗಿ ಒತ್ತಡ ಕೂಡಲೇ ಏರುತ್ತದೆ. ಪ್ಲಂಜರಿನ ಮೇಲೆ ಗುಳ್ಳೆ ಬಂದರೆ ಗುಳ್ಳೆ ಕುಗ್ಗುತ್ತದೆ, ಅಷ್ಟೇ. ನಾಝಲ್ ತೆರೆಯುವುದಿಲ್ಲ, ಆ ಸಿಲಿಂಡರ್ ಆ ಸಲ ಉರಿಯುವುದಿಲ್ಲ. ಗಾಡಿ ಗೇರಿನಲ್ಲಿ ಓಡುತ್ತಿದ್ದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪಂಪ್ ತಿರುಗುತ್ತಲೇ ಇರುತ್ತದೆ, ಗುಳ್ಳೆ ಹೇಗೋ ಓವರ್‌ಫ್ಲೋ ಕಡೆ ಹೋಗಿಬಿಡುತ್ತದೆ. ಡ್ರೈವರಿಗೆ ಸಣ್ಣ ಎಳೆತ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಕ್ಲಚ್ ಒತ್ತಿದ ಕೂಡಲೇ ಆ ಆಸರೆ ತಪ್ಪುತ್ತದೆ. ಐಡ್ಲಿಂಗಿಗೆ ಇಳಿದ ಎಂಜಿನ್ನಿಗೆ ಎರಡು ಮೂರು ಸಿಲಿಂಡರ್ ಒಟ್ಟಿಗೆ ತಪ್ಪಿದರೆ ತಡೆಯುವ ಶಕ್ತಿ ಎಲ್ಲಿದೆ?

ಬಿರುಕಿಗೆ ಅಂಟು ಹಚ್ಚಿ ಕೂರಿಸುವ ಕೆಲಸ ಮಾಡಲಿಲ್ಲ. ಒಳಗಳತೆ ಅಷ್ಟೇ ಇರುವ ಹೊಸ ಪೈಪ್ ಮಾಡಿಸಿ, ಪಟ್ಟಿಯನ್ನು ವೆಲ್ಡ್ ಮಾಡುವ ಬದಲು ಕ್ಲಾಂಪ್ ಹಾಕಿ ಹಿಡಿಸಿದೆ. ಜಾಲರಿಯೂ ಹೊಸದು. ಟ್ಯಾಂಕ್ ತಳದಲ್ಲಿ ಸ್ವಲ್ಪ ನೀರು, ಕಪ್ಪು ಲೋಳೆ ಇತ್ತು, ತೊಳೆದು ತೆಗೆದೆವು. ಡೀಸೆಲ್ ಟ್ಯಾಂಕಿನ ಮೇಲೆ, ಖಾಲಿ ಇದ್ದರೂ ಸರಿ, ವೆಲ್ಡಿಂಗ್ ಮಾಡಬೇಡಿ. ಒಳಗೆ ಉಳಿದ ಆವಿ ಸಿಡಿಯಬಹುದು.

ಎರಡನೇ ಕಾಯಿಲೆ

ಒದ್ದಾಟ ಹೋಯಿತು. ಆದರೆ ಥಟ್ಟನೆ ನಿಂತ ಐದು ಸಲಕ್ಕೆ ಇನ್ನೂ ಉತ್ತರ ಇರಲಿಲ್ಲ. ಅದು ಬಂದೇ ಬರುತ್ತದೆ ಅಂತ ಅಣ್ಣನಿಗೆ ಮೊದಲೇ ಹೇಳಿದ್ದೆ. ನಾಲ್ಕನೇ ದಿನ ಫೋನ್ ಬಂತು.

"ತಮ್ಮಾ, ಆಫ್ ಆಯ್ತು."

"ಹೇಗಾಯ್ತು ಅಣ್ಣ, ಒದ್ದಾಡಿತಾ?"

"ಇಲ್ಲಪ್ಪ. ಕೀ ತಿರುಗಿಸಿದ ಹಾಗೆ."

ಕೀ ತಿರುಗಿಸಿದ ಹಾಗೆ ಆಫ್ ಆಗುತ್ತದೆ ಅಂದರೆ ಕೀ ಮಾಡುವ ಕೆಲಸವನ್ನು ಬೇರೆ ಯಾವುದೋ ಮಾಡುತ್ತಿದೆ. ಎಂಜಿನ್ ಓಡುವಾಗ ಈ ಗಾಡಿಯಲ್ಲಿ ಕೀ ಮಾಡುವುದು ಒಂದೇ ಕೆಲಸ, ಪಂಪಿನ ಪಕ್ಕದ ಸ್ಟಾಪ್ ಸೊಲೆನಾಯ್ಡಿಗೆ (ಕರೆಂಟ್ ಕೊಟ್ಟರೆ ಎಳೆಯುವ ಆಯಸ್ಕಾಂತ) ಕರೆಂಟ್ ಕೊಡುವುದು. ಕರೆಂಟ್ ಇರುವವರೆಗೆ ಸೊಲೆನಾಯ್ಡ್ ಪಂಪಿನ ಸ್ಟಾಪ್ ಲಿವರನ್ನು ಎಳೆದು ಹಿಡಿದಿರುತ್ತದೆ. ಕರೆಂಟ್ ಹೋದ ಕೂಡಲೇ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತದೆ, ಡೀಸೆಲ್ ಬಂದ್. ಒಳಗೆ ಎರಡು ಕಾಯಿಲ್ ಇರುತ್ತವೆ: ಎಳೆಯುವುದಕ್ಕೆ ಜೋರಾದದ್ದು, ಎಳೆದಮೇಲೆ ಹಿಡಿದಿಡುವುದಕ್ಕೆ ಸಣ್ಣದು. ಓಡುವಾಗ ಆ ಸಣ್ಣದೊಂದೇ ಕೆಲಸದಲ್ಲಿರುತ್ತದೆ. ಹಾಗಾಗಿ ಕರೆಂಟ್ ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪಿ ವಾಪಸ್ ಬಂದರೂ ಲಿವರ್ ಬಿದ್ದುಹೋಗಿರುತ್ತದೆ, ಹಿಡಿಯುವ ಕಾಯಿಲಿಗೆ ಅದನ್ನು ಮತ್ತೆ ಎಳೆದುಕೊಳ್ಳುವ ಬಲ ಇಲ್ಲ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಜೋರಾದ ಕಾಯಿಲ್ ಎಳೆಯುತ್ತದೆ, ಎಲ್ಲಾ ಸರಿಯಾದ ಹಾಗೆ ಕಾಣುತ್ತದೆ. ಅಣ್ಣ ಬರೆದಿದ್ದಕ್ಕೆ ಇದು ಪೂರ್ತಿ ಹೊಂದಿತು.

ನಿಂತಿರುವ ಗಾಡಿಯಲ್ಲಿ ಅಳೆದರೆ ಏನೂ ಸಿಗಲಿಲ್ಲ. 24 ವೋಲ್ಟಿನ ಗಾಡಿ, ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 27.8, ಸೊಲೆನಾಯ್ಡಿನಲ್ಲಿ 27.4. ಇಷ್ಟು ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ತೊಂದರೆ ಬರುವುದು ರಸ್ತೆಯಲ್ಲಿ, ಮಲ್ಟಿಮೀಟರ್ ಇರುವುದು ಶೆಡ್ಡಿನಲ್ಲಿ. ಅದಕ್ಕೆ ಸೊಲೆನಾಯ್ಡಿನ ವೈರಿನಿಂದ ಒಂದು ಎಳೆ ತೆಗೆದು, ನಡುವೆ ಫ್ಯೂಸ್ ಹಾಕಿ, ಕ್ಯಾಬಿನ್ನಿನಲ್ಲಿ ಅಣ್ಣನ ಕಣ್ಣೆದುರಿಗೆ ಸಣ್ಣ ಬಲ್ಬ್ ಕೂರಿಸಿದೆ. ಸೊಲೆನಾಯ್ಡಿಗೆ ಕರೆಂಟ್ ಇದ್ದರೆ ಬಲ್ಬ್ ಉರಿಯುತ್ತದೆ. ಎಂಜಿನ್ ಆಫ್ ಆದಾಗ ಬಲ್ಬ್ ಏನು ಮಾಡಿತು ಅನ್ನುವುದೊಂದೇ ಪ್ರಶ್ನೆ. ಉರಿಯುತ್ತಲೇ ಇದ್ದರೆ ಸೊಲೆನಾಯ್ಡ್ ಕೆಟ್ಟಿರಬಹುದು, ಮಿನುಗಿದರೆ ವೈರಿಂಗ್.

ಎರಡನೇ ದಿನ ಒಂದು ಗುಂಡಿಗೆ ಚಕ್ರ ಇಳಿದಾಗ ಬಲ್ಬ್ ಒಮ್ಮೆ ಮಿನುಗಿತು, ಎಂಜಿನ್ ಆಫ್ ಆಯಿತು.

ಆಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಎಂಜಿನ್ ಐಡ್ಲಿಂಗಿನಲ್ಲಿಟ್ಟು ವೈರಿನ ಕಟ್ಟನ್ನು ಅಡಿ ಅಡಿಯಾಗಿ ಅಲುಗಾಡಿಸುತ್ತಾ ಹೋದೆ. ಕ್ಯಾಬಿನ್ನಿನಿಂದ ವೈರು ಎಂಜಿನ್ ಕಡೆ ಬರುವ ಜಾಗದಲ್ಲಿ ಒಂದು ಬ್ರಾಕೆಟ್ಟಿನ ಅಂಚಿಗೆ ಕಟ್ಟು ಉಜ್ಜುತ್ತಿತ್ತು. ಅಲ್ಲಿ ಒತ್ತಿದ ಕೂಡಲೇ ಎಂಜಿನ್ ಸತ್ತಿತು. ಟೇಪ್ ಬಿಚ್ಚಿದರೆ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ಒಳಗೆ ತಾಮ್ರ ಹಸಿರಾಗಿತ್ತು. ಎಳೆಗಳಲ್ಲಿ ಮೂರೋ ನಾಲ್ಕೋ ಮಾತ್ರ ಉಳಿದಿದ್ದವು. ಮೀಟರಿನಲ್ಲಿ ವೋಲ್ಟೇಜ್ ಚೆನ್ನಾಗಿ ಕಂಡಿದ್ದು ಅದಕ್ಕೇ. ಹಿಡಿಯುವ ಕಾಯಿಲ್ ಎಳೆಯುವ ಸಣ್ಣ ಕರೆಂಟಿಗೆ ಆ ಮೂರು ಎಳೆ ಸಾಕು, ಅಲುಗಾಡದೆ ಇರುವವರೆಗೆ.

ಹಸಿರು ಹಿಡಿದ ಭಾಗವನ್ನು ಪೂರ್ತಿ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಹೋಗಿ, ಅದೇ ದಪ್ಪದ ಹೊಸ ವೈರ್ ಜೋಡಿಸಿ, ಮೇಲೆ ಸ್ಲೀವ್ ಹಾಕಿ, ಬ್ರಾಕೆಟ್ಟಿನಿಂದ ದೂರಕ್ಕೆ ಕ್ಲಿಪ್ ಮಾಡಿದೆ. ಸೊಲೆನಾಯ್ಡಿನ ಲಿವರ್ ಕೊನೆಯವರೆಗೆ ಹೋಗಿ ಕೂರುತ್ತಿದೆಯಾ ಅಂತಲೂ ನೋಡಿದೆ. ಅರ್ಧಕ್ಕೇ ನಿಂತರೆ ಕೆಲವು ಮಾದರಿಗಳಲ್ಲಿ ಜೋರಾದ ಕಾಯಿಲಿನ ಕರೆಂಟ್ ಕಡಿಯುವುದೇ ಇಲ್ಲ, ಅದು ಬಿಸಿಯಾಗಿ ಸುಟ್ಟುಹೋಗುತ್ತದೆ.

ಕೊನೆಯ ಟ್ರಯಲ್

ಈ ಸಲ ಟ್ಯಾಂಕ್ ತುಂಬಿಸಲಿಲ್ಲ. ಕೋಲಿನಲ್ಲಿ 9 ಸೆಂಟಿಮೀಟರ್ ಇರುವಾಗಲೇ, ಪಾರದರ್ಶಕ ಹೋಸ್ ಇನ್ನೂ ಹಾಗೇ ಇಟ್ಟು, ಅಣ್ಣ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಗುಂಡಿ ಇರುವ ರಸ್ತೆ, ಒಂದು ಏರು, ಪದೇ ಪದೇ ಕ್ಲಚ್ ಒತ್ತಿ ನಿಲ್ಲಿಸುವುದು, ಹೀಗೆ ಒಂದೂವರೆ ಗಂಟೆ. ಬಲ್ಬ್ ಮಿನುಗಲಿಲ್ಲ. ಮಧ್ಯೆ ಎರಡು ಸಲ ಇಳಿದು ಹೋಸ್ ನೋಡಿದೆ, ಒಳಗೆ ಡೀಸೆಲ್ ಬಿಟ್ಟರೆ ಏನಿಲ್ಲ.

ವಾಪಸ್ ಬಂದಮೇಲೆ ಆ ಹೋಸ್ ತೆಗೆದು ಸರಿಯಾದ ಹೋಸ್ ಹಾಕಿದೆ, ಯಾಕೆಂದರೆ ಪಾರದರ್ಶಕ ಹೋಸ್ ಪರೀಕ್ಷೆಗೆ ಮಾತ್ರ, ಎಂಜಿನ್ ಬಿಸಿಗೆ ಅದು ಬಹಳ ದಿನ ತಡೆಯುವುದಿಲ್ಲ. ಬಲ್ಬನ್ನು ಅಣ್ಣ ತೆಗೆಯಲು ಬಿಡಲಿಲ್ಲ, ಇರಲಿ ಅಂದರು. ಡೀಸೆಲ್ ಮೀಟರಿನ ಫ್ಲೋಟ್ ಕೂಡ ಸರಿ ಮಾಡಿಕೊಟ್ಟೆ.

ಕೊನೆಗೆ ಐಡ್ಲಿಂಗ್ ಸ್ಕ್ರೂ. ಯಾರೋ ಆಫ್ ಆಗದಿರಲಿ ಅಂತ ಅದನ್ನು 900ಕ್ಕೆ ಏರಿಸಿಟ್ಟಿದ್ದರು. ನಿಧಾನವಾಗಿ ತಿರುಗಿಸುತ್ತಾ 700ಕ್ಕೆ ಇಳಿಸಿ ಲಾಕ್ ನಟ್ ಬಿಗಿದೆ. ಕೈ ತೆಗೆದು ಹತ್ತು ನಿಮಿಷ ಇಬ್ಬರೂ ಅದರ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆವು. ಒಂದೇ ಸಮ ಓಡುತ್ತಿತ್ತು.